ಶಾಲು ಸಾಕು, ಬಸ್ಸು ಬೇಕು

ಮುಂಬಯಿ ಕನ್ನಡಿಗರ ಸುದ್ದಿ ಎಂದರೆ ಯಾವುದು? ಸಂಘದ ವಾರ್ಷಿಕೋತ್ಸವವು ವಿಜೃಂಭಣೆಯಿಂದ ಜರಗಿತು, ಅಧ್ಯಕ್ಷರು ದೀಪ ಬೆಳಗಿಸಿದರು, ಮುಖ್ಯ ಅತಿಥಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲಪುಷ್ಪವಿತ್ತು ಸನ್ಮಾನಿಸಲಾಯಿತು, ಕಾರ್ಯದರ್ಶಿಗಳು ವಂದಿಸಿದರು. ವಾರವಾರವೂ ಇದೇ ಸುದ್ದಿ. ಸಭಾಗೃಹ ಬದಲಾಗುತ್ತದೆ, ಅತಿಥಿಗಳ ಹೆಸರು ಬದಲಾಗುತ್ತದೆ, ಶಾಲಿನ ಬಣ್ಣ ಬದಲಾಗುತ್ತದೆ. ಸುದ್ದಿ ಮಾತ್ರ ಬದಲಾಗುವುದಿಲ್ಲ.

ಇದನ್ನು ನಾವು ಹಳಿಯುತ್ತಿಲ್ಲ. ಪರಊರಿನಲ್ಲಿ ನಾಲ್ಕು ಜನ ಕನ್ನಡಿಗರು ಕೂಡಿ ಒಂದು ಸಂಜೆ ತಮ್ಮ ಮಾತನಾಡುವುದೂ, ನಾಟಕ ಯಕ್ಷಗಾನ ನೋಡುವುದೂ ಬೇಕಾದದ್ದೇ. ಆದರೆ ಸಭಾಗೃಹದೊಳಗೆ ಕುಳಿತ ಕನ್ನಡಿಗರು ಇನ್ನೂರು ಮುನ್ನೂರಾದರೆ, ಅದೇ ಹೊತ್ತಿಗೆ ಈ ನಗರದ ಬಸ್ಸಿನ ಸಾಲುಗಳಲ್ಲಿ ನಿಂತ ಕನ್ನಡಿಗರು ಸಾವಿರಾರು. ಮೊದಲನೆಯವರದು ಸುದ್ದಿ, ಎರಡನೆಯವರದು ಸುದ್ದಿಯಲ್ಲವೆಂದು ತೀರ್ಮಾನಿಸಿದವರು ಯಾರು?

ಬಸ್ಸು ಕನ್ನಡಿಗರ ಸುದ್ದಿಯೇ ಎಂದು ನಾವು ಹೇಳುತ್ತೇವೆ. ಹೇಳಿ ಸುಮ್ಮನಾಗುವುದಿಲ್ಲ, ಲೆಕ್ಕವನ್ನೂ ಕೊಡುತ್ತೇವೆ.

2025ರ ಮೇ 9ರಂದು ಬೆಸ್ಟ್ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಹವಾನಿಯಂತ್ರಿತ ಬಸ್ಸಿನ ದರ 6ರಿಂದ 12ಕ್ಕೆ ಹೋಯಿತು. ಪಾಸುಗಳ ದರವೂ ಏರಿತು. ಐದು ರೂಪಾಯಿ ಏರಿದ್ದಕ್ಕೆ ಇಷ್ಟು ಗದ್ದಲವೇ ಎಂದು ಕಾರಿನಲ್ಲಿ ಓಡಾಡುವ ಮಹನೀಯರು ಕೇಳಬಹುದು. ಅವರು ದಯವಿಟ್ಟು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಒಬ್ಬ ಕಾರ್ಮಿಕನು ಮನೆಯಿಂದ ಸ್ಟೇಷನ್ನಿಗೆ ಒಂದು ಬಸ್ಸು, ಲೋಕಲಿನಿಂದ ಇಳಿದು ಕೆಲಸದ ಜಾಗಕ್ಕೆ ಇನ್ನೊಂದು ಬಸ್ಸು ಹಿಡಿಯುತ್ತಾನೆ. ಮರಳುವಾಗ ಮತ್ತೆ ಎರಡು. ದಿನಕ್ಕೆ ನಾಲ್ಕು ಟಿಕೀಟು. ಮೊದಲು 20 ರೂಪಾಯಿ, ಈಗ 40. ತಿಂಗಳಿಗೆ 26 ದಿನ ಕೆಲಸವೆಂದರೆ 520 ಇದ್ದದ್ದು 1,040 ಆಯಿತು. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ 2,080. ಏರಿಕೆಯೇ 1,040 ರೂಪಾಯಿ! ಪಗಾರ ಏರಿತೇ? ಏರಿಸಿದ ಮಾಲೀಕರಿದ್ದರೆ ಅವರಿಗೆ ಮೊದಲು ಶಾಲು ಹೊದಿಸೋಣ.

ಈ ಏರಿಕೆಯನ್ನು ತೀರ್ಮಾನಿಸಿದಾಗ ನಮ್ಮ ಪರವಾಗಿ ಪ್ರಶ್ನೆ ಕೇಳಲು ಮಹಾನಗರಪಾಲಿಕೆಯಲ್ಲಿ ಯಾರಿದ್ದರು? ಯಾರೂ ಇರಲಿಲ್ಲ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಈ ನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಚುನಾಯಿತ ಸದಸ್ಯರಿಲ್ಲ, ಚುನಾಯಿತರು ಕೂರುವ ಬೆಸ್ಟ್ ಸಮಿತಿಯೂ ಇಲ್ಲ. ಕೇಳುವವರಿಲ್ಲದ ಹೊತ್ತಿನಲ್ಲಿ ಬಡವರ ಜೇಬಿಗೆ ಕೈಹಾಕುವುದು ಸುಲಭ. 2026ರ ಜನವರಿಯಲ್ಲಿ ಚುನಾವಣೆ ನಡೆದು 227 ಮಂದಿ ಆರಿಸಿ ಬಂದಿದ್ದಾರೆ. ಇನ್ನು ಮುಂದೆ ಕೇಳುವವರಿಲ್ಲ ಎಂಬ ಮಾತು ನಡೆಯದು. ಆದರೆ ಕೇಳಿರೆಂದು ಅವರಿಗೆ ಹೇಳುವವರು ಬೇಡವೇ?

ಈ ಬಸ್ಸು ಯಾರದು ಎಂಬುದನ್ನು ಮರೆತವರಿಗೆ ಸ್ವಲ್ಪ ಇತಿಹಾಸ ಹೇಳಬೇಕಾಗಿದೆ. ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲಿ ಬಂತು, ವಿದ್ಯುತ್ ಟ್ರಾಮು 1907ರಲ್ಲಿ. ಮೊದಲ ಬಸ್ಸು ಓಡಿದ್ದು 1926ರ ಜುಲೈ 15ರಂದು, ಅಫಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ. ಅಲ್ಲಿಯವರೆಗೂ, ಆಮೇಲೆ ಎರಡು ದಶಕಗಳೂ ಇದು ಖಾಸಗಿ ಕಂಪೆನಿಯ ವ್ಯಾಪಾರ. 1947ರ ಆಗಸ್ಟ್ 7ರಂದು ಮುನಸಿಪಾಲಿಟಿಯು ಇದನ್ನು ತನ್ನ ಕೈಗೆ ತೆಗೆದುಕೊಂಡಿತು. ದೇಶ ಸ್ವತಂತ್ರವಾಗುವ ಎಂಟು ದಿನ ಮೊದಲೇ ಮುಂಬಯಿಯ ಟ್ರಾಮು ಬಸ್ಸುಗಳು ಮುಂಬಯಿಯ ಜನರ ಸ್ವತ್ತಾದವು. 1964ರ ಮಾರ್ಚ್ 31ರಂದು ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಓಡಿದಾಗ, ಅದರ ಜಾಗದಲ್ಲಿ ಬಸ್ಸು ಇತ್ತು. ಜನ ನಡುಬೀದಿಯಲ್ಲಿ ನಿಲ್ಲಲಿಲ್ಲ. ಬಸ್ಸಿನಲ್ಲಾಗುವ ನಷ್ಟವನ್ನು ಅದೇ ಸಂಸ್ಥೆಯ ವಿದ್ಯುತ್ ವಿಭಾಗದ ಲಾಭ ಬಹುಕಾಲ ತುಂಬಿಕೊಡುತ್ತಿತ್ತು. 2003ರ ವಿದ್ಯುತ್ ಕಾಯಿದೆಯ ನಂತರ ಆ ದಾರಿ ಕಿರಿದಾಗುತ್ತಾ ಹೋಯಿತು. ಹಳೆಯ ದಾರಿ ಮುಚ್ಚಿದಾಗ ಹೊಸ ದಾರಿ ತೆರೆಯುವುದು ಆಳುವವರ ಕೆಲಸವಾಗಿತ್ತು. ಅವರು ತೆರೆದ ದಾರಿ ಯಾವುದು? ಬಸ್ಸನ್ನೇ ಕಡಿಮೆ ಮಾಡುವ ದಾರಿ!

ಸುಮಾರು ಹದಿನೈದು ವರ್ಷಗಳ ಹಿಂದೆ ಬೆಸ್ಟಿನ ಬಸ್ಸುಗಳು ನಾಲ್ಕು ಸಾವಿರಕ್ಕೂ ಮಿಕ್ಕಿದ್ದವು. 2025ರ ಹೊತ್ತಿಗೆ ಎಲ್ಲ ಸೇರಿ ಮೂರು ಸಾವಿರವೂ ಇರಲಿಲ್ಲ. ಅದರಲ್ಲಿ ಸಂಸ್ಥೆಯ ಸ್ವಂತ ಬಸ್ಸುಗಳು ಒಂದು ಸಾವಿರಕ್ಕಿಂತ ಕಡಿಮೆ. ನಗರದ ಒಂದು ಲಕ್ಷ ಜನಕ್ಕೆ 60 ಬಸ್ಸು ಇರಬೇಕೆಂಬುದು ಕೇಂದ್ರ ಸರಕಾರದ ನಗರ ವ್ಯವಹಾರ ಇಲಾಖೆಯದೇ ಅಳತೆ. 2011ರ ಜನಗಣತಿಯಂತೆ ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ಆ ಹಳೆಯ ಲೆಕ್ಕ ಹಿಡಿದರೂ ಏಳು ಸಾವಿರದ ನಾನೂರಕ್ಕೆ ಕಡಿಮೆಯಿಲ್ಲದಷ್ಟು ಬಸ್ಸು ಓಡಬೇಕು. ಸರಕಾರದ ಅಳತೆಗೋಲಿನಿಂದಲೇ ಅಳೆದರೂ ನಮಗೆ ಅರ್ಧ ಬಸ್ಸೂ ಇಲ್ಲ.

2019ರ ಜನವರಿಯಲ್ಲಿ ಬೆಸ್ಟ್ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದ್ದನ್ನು ಯಾರೂ ಮರೆತಿರಲಾರರು. ಅದೇ ವರ್ಷ ಕಾರ್ಮಿಕ ಸಂಘದೊಡನೆ ಆದ ಒಪ್ಪಂದದಲ್ಲಿ 3,337 ಸ್ವಂತ ಬಸ್ಸುಗಳನ್ನು ಉಳಿಸಿಕೊಳ್ಳುವ ಮಾತು ಬರೆಯಲಾಗಿತ್ತು. ಮಾತು ಕಾಗದದಲ್ಲಿ ಉಳಿಯಿತು, ಬಸ್ಸು ಬೀದಿಯಲ್ಲಿ ಉಳಿಯಲಿಲ್ಲ.

ಸ್ವಂತ ಬಸ್ಸಿನ ಜಾಗಕ್ಕೆ ಗುತ್ತಿಗೆ ಬಸ್ಸು ಬಂತು. ಬಸ್ಸು ಗುತ್ತಿಗೆದಾರನದು, ಡ್ರೈವರನೂ ಅವನ ಆಳು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಬೆಸ್ಟ್ ದುಡ್ಡು ಕೊಡುತ್ತದೆ. ಬಣ್ಣ ಬೆಸ್ಟಿನದು, ಹೆಸರು ಬೆಸ್ಟಿನದು, ಹಿಡಿತ ಮಾತ್ರ ಬೇರೆಯವರದು. ಇದರಿಂದ ಖರ್ಚು ಇಳಿಯುತ್ತದೆ, ಸೇವೆ ಸುಧಾರಿಸುತ್ತದೆ ಎಂದು ನಮಗೆ ಹೇಳಲಾಯಿತು. ಆದದ್ದೇನು? 2022ರಲ್ಲಿ ಒಬ್ಬ ಗುತ್ತಿಗೆದಾರ ನಷ್ಟವೆಂದು ಹೇಳಿ ತನ್ನ ಬಸ್ಸುಗಳನ್ನು ನಿಲ್ಲಿಸಿದ. 2024ರಲ್ಲಿ ಇನ್ನೊಬ್ಬ ಅದೇ ದಾರಿ ಹಿಡಿದ. ಒಂದೊಂದು ಸಲವೂ ನೂರಾರು ಬಸ್ಸುಗಳು ಒಮ್ಮೆಗೇ ಬೀದಿಯಿಂದ ಮಾಯವಾದವು. ವ್ಯಾಪಾರಿಗೆ ಗಿಟ್ಟದಿದ್ದರೆ ಅಂಗಡಿ ಮುಚ್ಚುತ್ತಾನೆ, ಅದು ಅವನ ಧರ್ಮ. ಆದರೆ ಸಾಲಿನಲ್ಲಿ ನಿಂತವನು ತನ್ನ ಹೊಟ್ಟೆ ಮುಚ್ಚಿಕೊಳ್ಳಲು ಸಾಧ್ಯವೇ?

ಗುತ್ತಿಗೆ ಬಸ್ಸಿನ ಡ್ರೈವರರಾದರೂ ಸುಖವಾಗಿದ್ದಾರೆಯೇ? 2023ರ ಆಗಸ್ಟಿನಲ್ಲಿ ಅವರೇ ಪಗಾರ ಏರಿಸಿರೆಂದು ಸುಮಾರು ಒಂದು ವಾರ ಕೆಲಸ ನಿಲ್ಲಿಸಿದರು. ಅದೇ ರಸ್ತೆ, ಅದೇ ಚಕ್ರ, ಅದೇ ಜವಾಬುದಾರಿ. ಕಾಯಂ ನೌಕರನಿಗೆ ಒಂದು ಪಗಾರ, ಗುತ್ತಿಗೆಯವನಿಗೆ ಇನ್ನೊಂದು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಒಂದು ಗುತ್ತಿಗೆ ಬಸ್ಸು ಜನರ ಮೇಲೆ, ವಾಹನಗಳ ಮೇಲೆ ಹರಿದು ಹಲವರು ಪ್ರಾಣ ಬಿಟ್ಟರು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಆ ಡ್ರೈವರನನ್ನು ಗಲ್ಲಿಗೇರಿಸಲು ಹೊರಟಿಲ್ಲ. ಆದರೆ ಡ್ರೈವರನನ್ನು ಆರಿಸುವವರು, ಕಲಿಸುವವರು, ಬಸ್ಸಿನ ಸ್ಥಿತಿ ನೋಡುವವರು ಯಾರು ಎಂಬ ಪ್ರಶ್ನೆಗೆ ನಗರ ನೇರ ಉತ್ತರ ಕೊಡಬೇಕು. ಹಲವು ಕೈಗಳಲ್ಲಿ ಹಂಚಿಹೋದ ಜವಾಬುದಾರಿ ಕೊನೆಗೆ ಯಾರ ಕೈಯಲ್ಲೂ ಉಳಿಯುವುದಿಲ್ಲ.

ಇಷ್ಟು ಹೇಳಿದೊಡನೆ ಒಂದು ಸಿದ್ಧ ಉತ್ತರ ಬರುತ್ತದೆ: "ಬಸ್ಸು ನಷ್ಟದಲ್ಲಿದೆ." ಒಳ್ಳೆಯದು, ಲಾಭನಷ್ಟದ ಮಾತನ್ನೇ ಆಡೋಣ. ಹದಿಮೂರು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಖರ್ಚಿನಲ್ಲಿ ಕಡಲಂಚಿನ ಕೋಸ್ಟಲ್ ರೋಡ್ ಆಯಿತು. 2024ರ ಮಾರ್ಚಿನಲ್ಲಿ ಅದರ ಮೊದಲ ಭಾಗ ತೆರೆಯಿತು. ಅಲ್ಲಿ ಕಾರಿನವನಿಗೆ ಟೋಲ್ ಇಲ್ಲ. ಮೋಟಾರ್ ಸೈಕಲಿನವನಿಗೆ ಪ್ರವೇಶವೇ ಇಲ್ಲ. ಆ ರಸ್ತೆ ಎಷ್ಟು ಲಾಭ ತಂದಿತೆಂದು ಯಾರಾದರೂ ಕೇಳಿದರೇ? 2024ರ ಅಕ್ಟೋಬರಿನಲ್ಲಿ, ವಿಧಾನಸಭೆ ಚುನಾವಣೆಯ ಮುಂಚೆ, ಮುಂಬಯಿಯ ಐದು ಪ್ರವೇಶದ್ವಾರಗಳಲ್ಲಿ ಕಾರುಗಳ 45 ರೂಪಾಯಿ ಟೋಲನ್ನು ಸರಕಾರ ಮನ್ನಾ ಮಾಡಿತು. ಅದಾಗಿ ಏಳು ತಿಂಗಳು ಕಳೆಯುವಷ್ಟರಲ್ಲಿ ಬಸ್ಸಿನ ದರ ಇಮ್ಮಡಿಯಾಯಿತು! ಕಾರಿನಲ್ಲಿ ಹೋಗುವವನಿಗೆ 45 ರೂಪಾಯಿ ಹೊರೆ ಎಂದು ತೋರಿದ ಕಣ್ಣಿಗೆ, ನಿಂತು ಹೋಗುವವನ ಐದು ರೂಪಾಯಿ ಹೊರೆಯೆಂದು ತೋರಲಿಲ್ಲ. ಇದು ಬಡತನದ ಲೆಕ್ಕವಲ್ಲ, ಪಕ್ಷಪಾತದ ಲೆಕ್ಕ.

ಮಹಾನಗರಪಾಲಿಕೆಯೂ ಬಡ ಸಂಸ್ಥೆಯಲ್ಲ. 2025-26ರ ಅದರ ಮುಂಗಡಪತ್ರ 74,427 ಕೋಟಿ ರೂಪಾಯಿಯದು. ಅದರಲ್ಲಿ ಬೆಸ್ಟಿಗೆ ತೆಗೆದಿರಿಸಿದ್ದು 1,000 ಕೋಟಿ. ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಮೂವತ್ತನಾಲ್ಕು ಪೈಸೆ! ದಿನವೂ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಜನರನ್ನು ಹೊತ್ತು ತಿರುಗುವ ಬಸ್ಸಿಗೆ ಇಷ್ಟೇ ಬೆಲೆಯೇ? ಚರಂಡಿಯಿಂದ ಲಾಭವಿಲ್ಲ, ಬೀದಿದೀಪದಿಂದ ಲಾಭವಿಲ್ಲ, ಮುನಸಿಪಾಲಿಟಿಯ ಆಸ್ಪತ್ರೆಯಿಂದ ಲಾಭವಿಲ್ಲ. ಅವುಗಳನ್ನು ಯಾರೂ ನಷ್ಟವೆನ್ನುವುದಿಲ್ಲ, ಸೇವೆ ಎನ್ನುತ್ತಾರೆ. ಕೆಲಸಕ್ಕೆ ಹೋಗುವವನನ್ನು ಕೆಲಸಕ್ಕೆ ಮುಟ್ಟಿಸುವುದು ಸೇವೆಯಲ್ಲವೇ? ಅವನು ಹೊತ್ತಿಗೆ ಮುಟ್ಟದಿದ್ದರೆ ಈ ನಗರದ ಯಾವ ಹೋಟೆಲಿನ ಒಲೆ ಹೊತ್ತೀತು, ಯಾವ ಆಫೀಸಿನ ಕಸ ಗುಡಿಸೀತು?

ನಮ್ಮ ತಾಯ್ನಾಡಿನ ಕಡೆ ಒಮ್ಮೆ ನೋಡಿರಿ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಅದರ ಹಣ ಬೊಕ್ಕಸದಿಂದ ಬರಬೇಕೆಂಬುದು ನಮಗೂ ಗೊತ್ತಿದೆ; ಅಲ್ಲಿಯ ಸಾರಿಗೆ ಸಂಸ್ಥೆಗಳಿಗೂ ಕಷ್ಟಗಳಿವೆ. ಆದರೂ ಬಸ್ಸು ಜನರ ಅಗತ್ಯ, ಅದಕ್ಕೆ ಬೊಕ್ಕಸ ಹೆಗಲು ಕೊಡಬೇಕು ಎಂಬ ತತ್ತ್ವವನ್ನು ಆ ಸರಕಾರ ಒಪ್ಪಿತು. ಊರಿನಲ್ಲಿರುವ ತಂಗಿ ಬಿಡಿಗಾಸಿಲ್ಲದೆ ಬಸ್ಸು ಹತ್ತುತ್ತಾಳೆ. ಮುಂಬಯಿಯಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುವ ಅಕ್ಕ ಮೊದಲಿನ ಎರಡರಷ್ಟು ಕೊಟ್ಟು ಹತ್ತುತ್ತಾಳೆ.

ಎರಡನೆಯ ಸಿದ್ಧ ಉತ್ತರ: "ಮೆಟ್ರೋ ಬಂದಿದೆಯಲ್ಲ!" ಬಂದಿದೆ, ಸಂತೋಷ. 2025ರ ಅಕ್ಟೋಬರಿನಲ್ಲಿ ಆರೆಯಿಂದ ಕಫ್ ಪರೇಡಿನವರೆಗೆ ನೆಲದಡಿಯ ಮಾರ್ಗ ಪೂರ್ತಿಯಾಯಿತು. ಅದಕ್ಕೆ ದುಡಿದ ಕೈಗಳಿಗೆ ನಮ್ಮ ನಮಸ್ಕಾರ. ಆದರೆ ಈ ತುದಿಯಿಂದ ಆ ತುದಿಗೆ 70 ರೂಪಾಯಿ ಕೊಟ್ಟು ಹೋಗಬಲ್ಲ ಮಾಣಿ ಯಾವ ಹೋಟೆಲಿನಲ್ಲಿದ್ದಾನೆ? ಮೆಟ್ರೋ ಸ್ಟೇಷನ್ನಿನಿಂದ ಅವನ ಖೋಲಿಯವರೆಗೆ ಯಾವ ಗಾಡಿ? ಬಸ್ಸಿಲ್ಲದಿದ್ದರೆ ಆಟೋರಿಕ್ಷಾ, ಅದರ ಕನಿಷ್ಠ ದರ 2025ರ ಫೆಬ್ರವರಿಯಿಂದ 26 ರೂಪಾಯಿ. ಮೇಲಾಗಿ ಮೆಟ್ರೋ ಮಧ್ಯರಾತ್ರಿಗೆ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ. ಹೋಟೆಲಿನ ಮಾಣಿಯ ದಿನ ಆ ಹೊತ್ತಿಗೆ ಮುಗಿದಿರುವುದಿಲ್ಲ.

ಈ ರಾತ್ರಿಯ ಮಾತು ನಮ್ಮವರ ಮಟ್ಟಿಗೆ ಬಹಳ ಮುಖ್ಯವಾದದ್ದು. 2020ರ ಜನವರಿಯಲ್ಲಿ ಮುಂಬಯಿಯ ಕೆಲವು ಭಾಗಗಳಲ್ಲಿ ಹೋಟೆಲು ಅಂಗಡಿಗಳು ರಾತ್ರಿಯಿಡೀ ತೆರೆದಿರಬಹುದೆಂದು ಸರಕಾರ ಒಪ್ಪಿತು. 2025ರ ಅಕ್ಟೋಬರಿನಲ್ಲಿ, ಮದ್ಯದ ಅಂಗಡಿಗಳಂಥವನ್ನು ಬಿಟ್ಟು, ರಾಜ್ಯದಲ್ಲೆಲ್ಲ ಅಂಗಡಿ ಹೋಟೆಲುಗಳು ದಿನದ 24 ತಾಸೂ ನಡೆಯಬಹುದೆಂದು ಆಜ್ಞೆಯಾಯಿತು. ವ್ಯಾಪಾರಕ್ಕೆ ರಾತ್ರಿಯಿಲ್ಲ! ಆದರೆ ಲೋಕಲು ರಾತ್ರಿ ಒಂದರ ಸುಮಾರಿಗೆ ನಿಲ್ಲುತ್ತದೆ, ಮುಂಜಾನೆ ನಾಲ್ಕರ ಸುಮಾರಿಗೆ ಮತ್ತೆ ಹೊರಡುತ್ತದೆ. ನಡುವಿನ ಹೊತ್ತಿನಲ್ಲಿ ಓಡುವ ಬಸ್ಸುಗಳು ಬೆರಳೆಣಿಕೆಯ ಮಾರ್ಗಗಳಲ್ಲಿವೆ. ಗಲ್ಲೆ ಮುಚ್ಚಿ, ಮೇಜು ಒರೆಸಿ, ಭಟ್ಟಿ ತೊಳೆದು ಒಂದೂವರೆಗೆ ಹೊರಬೀಳುವ ಹುಡುಗ ಎಲ್ಲಿಗೆ ಹೋಗಬೇಕು? ಹೋಟೆಲಿನ ಮಾಳಿಗೆಯ ಮೇಲೆ ಮೈಚೆಲ್ಲಬೇಕು, ಇಲ್ಲವೇ ಪ್ಲಾಟ್‌ಫಾರಮಿನಲ್ಲಿ ಬೆಳಗು ಮಾಡಬೇಕು. ರಾತ್ರಿ ದುಡಿಯುವ ಹೆಂಗಸರಿಗೆ ಮಾಲೀಕನು ವಾಹನದ ಏರ್ಪಾಡು ಮಾಡಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಎಷ್ಟು ಕಡೆ ನಡೆಯುತ್ತಿದೆ ಎಂದು ನಮ್ಮ ಎಷ್ಟು ಸಂಘಗಳು ಹೋಗಿ ವಿಚಾರಿಸಿವೆ?

ಇಲ್ಲಿಗೆ ನಾವು ನಮ್ಮ ಸಂಘಗಳ ಮುಖಂಡರ ಕಡೆ ತಿರುಗುತ್ತೇವೆ. ಅವರದು ಎರಡು ಆಕ್ಷೇಪಗಳು. ಮೊದಲನೆಯದು: "ನಾವು ಹೊರಗಿನಿಂದ ಬಂದವರು, ಇಲ್ಲಿಯ ಆಡಳಿತದ ಗೊಡವೆ ನಮಗೇಕೆ?" ಮಹಾಶಯರೇ, ಮೂರು ತಲೆಮಾರು ಇಲ್ಲಿ ನೀರು ಕುಡಿದು, ಇಲ್ಲಿಯ ತೆರಿಗೆ ಕೊಟ್ಟು, ಇಲ್ಲಿಯ ಮತಪಟ್ಟಿಯಲ್ಲಿ ಹೆಸರಿರುವವನು ಹೊರಗಿನವನು ಹೇಗಾದಾನು? ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಈ ನಗರಕ್ಕೆ ಬಂದು ಟ್ಯಾಕ್ಸಿಯವರನ್ನು, ಮುನಸಿಪಾಲಿಟಿಯ ನೌಕರರನ್ನು ಸಂಘಟಿಸಿ, 1967ರಲ್ಲಿ ಕಾಂಗ್ರೆಸಿನ ಬಲಾಢ್ಯ ನಾಯಕ ಸ. ಕಾ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದರು. ಅವರ ರಾಜಕೀಯವನ್ನು ಒಪ್ಪಿರಿ, ಬಿಡಿರಿ. ಆದರೆ ಜನರ ಕಷ್ಟದ ಮಾತನಾಡಿದವನನ್ನು ಮುಂಬಯಿ ನೀನು ಯಾವೂರವನೆಂದು ಕೇಳಿ ತಿರುಗಿ ಕಳಿಸಲಿಲ್ಲ. ಬಸ್ಸಿನ ಸಾಲಿನಲ್ಲಿ ನಮ್ಮ ಮುಂದೆ ನಿಂತವನು ಮರಾಠಿಗ, ಹಿಂದೆ ನಿಂತವನು ಉತ್ತರಪ್ರದೇಶದವನು. ಬಸ್ಸು ಬರದಿದ್ದರೆ ಮೂವರಿಗೂ ಒಂದೇ ಸಮನೆ ತಡ. ಈ ಸಾಲು ಒಂದಾಗಿ ಮಾತನಾಡಿದರೆ ಅದಕ್ಕಿಂತ ದೊಡ್ಡ ಸಂಘ ಈ ನಗರದಲ್ಲಿ ಇನ್ನೊಂದಿಲ್ಲ.

ಎರಡನೆಯ ಆಕ್ಷೇಪ: "ನಮ್ಮದು ಸಾಂಸ್ಕೃತಿಕ ಸಂಸ್ಥೆ." ಹಾಗಾದರೆ ನಿಮ್ಮ ಹಿರಿಯರು ರಾತ್ರಿಶಾಲೆಗಳನ್ನು ಏಕೆ ತೆರೆದರು? ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಶಿ ತೊಳೆದ ಕರಾವಳಿಯ ಹುಡುಗರು ರಾತ್ರಿ ಕುಳಿತು ಓದಿ, ಮೆಟ್ರಿಕ್ ಪಾಸು ಮಾಡಿ, ಗುಮಾಸ್ತರಾಗಿ, ವಕೀಲರಾಗಿ, ಹೋಟೆಲಿನ ಧಣಿಗಳೇ ಆಗಿ ಮೇಲೆ ಬಂದದ್ದು ಆ ಶಾಲೆಗಳಿಂದ. ಆ ಹಿರಿಯರು ಕಾರ್ಮಿಕನನ್ನು ಕೇಳಿದ ಮೊದಲ ಪ್ರಶ್ನೆ "ನಿನಗೆ ಯಾವ ಹೊತ್ತಿಗೆ ಬಿಡುವು?" ಎಂಬುದು. ಅವನ ಹೊತ್ತಿಗೆ ಅವರು ಶಾಲೆಯ ಬಾಗಿಲು ತೆರೆದರು. ಇಂದಿನ ಮುಖಂಡರು ಕೇಳಬೇಕಾದ ಪ್ರಶ್ನೆಯೂ ಅಂಥದೇ: "ನೀನು ಯಾವ ಹೊತ್ತಿಗೆ ಮನೆ ಮುಟ್ಟುತ್ತೀ?" ಅದನ್ನು ಕೇಳದ ಸಂಸ್ಕೃತಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಂತಾದೀತು.

ಸಂಸ್ಕೃತಿಯ ಸಲುವಾಗಿಯಾದರೂ ಬಸ್ಸು ಬೇಕು. ಉಪನಗರದ ನಮ್ಮ ಯಾವ ಕಾರ್ಯಕ್ರಮಕ್ಕಾದರೂ ಹೋಗಿ ನೋಡಿರಿ. ಭಾಷಣಗಳು ಮುಗಿಯುವಾಗ ಒಂಬತ್ತೂವರೆ, ಸನ್ಮಾನಗಳು ಮುಗಿಯುವಾಗ ಹತ್ತು. ನಾಟಕದ ಪರದೆ ಏಳುವ ಹೊತ್ತಿಗೆ ಹಿಂದಿನ ಸಾಲುಗಳು ಬರಿದಾಗತೊಡಗುತ್ತವೆ. ಅವರಿಗೆ ನಾಟಕ ಬೇಡವೆಂದಲ್ಲ. ಅವರಿಗೆ ಕೊನೆಯ ಬಸ್ಸಿನ ಚಿಂತೆ. ಮುಂದಿನ ಸಾಲಿನವರಿಗೆ ಕಾರಿದೆ, ಅವರು ಕೊನೆಯತನಕ ಕೂರುತ್ತಾರೆ. ಕನ್ನಡ ಕಾರ್ಯಕ್ರಮಗಳಿಗೆ ಜನ ಬರುವುದಿಲ್ಲವೆಂದು ಮರುದಿನ ಕೊರಗುವವರೂ ಅವರೇ!

ಆದುದರಿಂದ ನಾವು ಪ್ರತಿಯೊಂದು ಕನ್ನಡ ಸಂಘಕ್ಕೂ, ಜಾತಿ ಸಂಘಕ್ಕೂ, ಹೋಟೆಲು ಕಾರ್ಮಿಕರ ಕೂಟಕ್ಕೂ ನೇರವಾಗಿ ಹೇಳುವುದಿಷ್ಟು. ನಿಮ್ಮ ವಠಾರದಲ್ಲಿ ಯಾವ ಮಾರ್ಗದ ಬಸ್ಸು ನಿಂತಿತು, ಯಾವುದು ಕಡಿಮೆಯಾಯಿತು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಎಷ್ಟು ಜನ ಅದಿಲ್ಲದೆ ನಡೆಯುತ್ತಾರೆ ಎಂಬುದನ್ನು ಬರೆದಿಡಿರಿ. ಆ ಪಟ್ಟಿಯನ್ನು ಹಿಡಿದು, ಅಕ್ಕಪಕ್ಕದ ಮರಾಠಿ, ಹಿಂದಿ, ಗುಜರಾತಿ ನೆರೆಯವರನ್ನೂ ಕೂಡಿಕೊಂಡು, ನಿಮ್ಮ ವಾರ್ಡಿನ ಸದಸ್ಯರ ಬಾಗಿಲಿಗೆ ಹೋಗಿರಿ. ಮನವಿಗೆ ಸಹಿ ಹಾಕಿಸಿಕೊಂಡು ಬನ್ನಿರಿ. ಮೂರು ತಿಂಗಳ ಮೇಲೆ ಏನಾಯಿತೆಂದು ಕೇಳಲು ಮತ್ತೆ ಹೋಗಿರಿ. ಅವರನ್ನು ಮುಖ್ಯ ಅತಿಥಿಯಾಗಿ ಕರೆಯುವುದಿದ್ದರೆ, ಶಾಲು ಹೊದಿಸುವ ಮುಂಚೆ ಉತ್ತರ ಕೇಳಿರಿ.

ನಮ್ಮ ಬೇಡಿಕೆಗಳಲ್ಲಿ ಗುಟ್ಟೇನೂ ಇಲ್ಲ. 2025ರ ದರ ಏರಿಕೆ ರದ್ದಾಗಬೇಕು. 2019ರ ಒಪ್ಪಂದದಂತೆ ಸ್ವಂತ ಬಸ್ಸುಗಳು ಮರಳಿ ಬರಬೇಕು. ಗುತ್ತಿಗೆ ಡ್ರೈವರನಿಗೆ ಕಾಯಂ ಡ್ರೈವರನ ಪಗಾರ, ಅವನಿಗಾಗುವಷ್ಟೇ ತರಬೇತಿ ಸಿಗಬೇಕು. ರಾತ್ರಿ ಒಂದರಿಂದ ನಾಲ್ಕರವರೆಗೆ ಲೋಕಲಿನ ಮೂರು ಮಾರ್ಗಗಳ ಉದ್ದಕ್ಕೂ ಬಸ್ಸು ಓಡಬೇಕು. ಡಿಪೋಗಳ ನೆಲ ಬಸ್ಸಿಗಾಗಿಯೇ ಉಳಿಯಬೇಕು, ಬಿಲ್ಡರನಿಗಾಗಿ ಅಲ್ಲ. ಇವುಗಳಲ್ಲಿ ಯಾವುದೊಂದೂ ಕನ್ನಡಿಗರಿಗಷ್ಟೇ ಬೇಕಾದದ್ದಲ್ಲ. ಆದುದರಿಂದಲೇ ಕನ್ನಡಿಗರು ಇದನ್ನು ಎದೆಯುಬ್ಬಿಸಿ ಕೇಳಬಹುದು.

2026 ಮುಂಬಯಿ ಬಸ್ಸಿನ ನೂರನೆಯ ವರ್ಷ. ಇಂಥ ವರ್ಷಕ್ಕೆ ಸಭೆಗಳಿಗೇನೂ ಕೊರತೆಯಿರುವುದಿಲ್ಲ. ಹಳೆಯ ಬಸ್ಸುಗಳ ಚಿತ್ರ ತೋರಿಸಿ, ಎರಡಂತಸ್ತಿನ ಬಸ್ಸನ್ನು ನೆನೆದು ಕಣ್ಣೀರಿಡುವವರೂ ಸಿಗುತ್ತಾರೆ. ನೆನಪಿಗೆ ನಮ್ಮ ವಿರೋಧವಿಲ್ಲ. ಆದರೆ ನೆನಪಿನ ಬಸ್ಸು ಹತ್ತಿ ಯಾರೂ ಭಾಂಡೂಪಿಗೋ ಧಾರಾವಿಗೋ ಮುಟ್ಟಲಾರರು. ಕಾರ್ಮಿಕನಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಹೊತ್ತಿಗೆ ಬರುವ ಬಸ್ಸು, ರಾತ್ರಿ ಅವನು ಬರುವತನಕ ಇರುವ ಬಸ್ಸು. ಅದನ್ನು ಕೊಡಿಸಿದ ಸಂಘದ ಸುದ್ದಿಯನ್ನು ಈ ಪತ್ರಿಕೆಯ ಮೊದಲ ಪುಟದಲ್ಲಿ ನಾವು ಸಂತೋಷದಿಂದ ಅಚ್ಚು ಹಾಕುತ್ತೇವೆ, ಶಾಲಿನ ಚಿತ್ರವಿಲ್ಲದಿದ್ದರೂ ಸರಿ.